ಮೇಚಿಯಿಂದ ಮಹಾಕಾಳಿಯವರೆಗೆ: ಸೋತ ಯುದ್ಧವೊಂದು ನೇಪಾಳವನ್ನು ರೂಪಿಸಿದ ಬಗೆ

ನಾವು ‘ಬೀದರಿನಿಂದ ಚಾಮರಾಜನಗರದವರೆಗೆ’ ಅಂದರೆ ಇಡೀ ಕರ್ನಾಟಕ ಅಂತ ಲೆಕ್ಕ. ನೇಪಾಳದವರು ಇದೇ ರೀತಿ ‘ಮೇಚಿಯಿಂದ ಮಹಾಕಾಳಿಯವರೆಗೆ’ ಅನ್ನುತ್ತಾರೆ. ಚುನಾವಣೆ ಭಾಷಣವಿರಲಿ, ಶಾಲೆಯ ಪಾಠವಿರಲಿ, ಈ ಮಾತು ಬಂದೇ ಬರುತ್ತದೆ. ಮೇಚಿ ಪೂರ್ವದ ತುದಿಯ ನದಿ. ಮಹಾಕಾಳಿ ಪಶ್ಚಿಮದ ತುದಿಯದು. ನಮ್ಮ ಉತ್ತರಾಖಂಡದಲ್ಲಿ ಅದಕ್ಕೆ ಕಾಳಿ ಅಂತಾರೆ, ಬಯಲಿಗಿಳಿದ ಮೇಲೆ ಶಾರದಾ.

ಈ ಎರಡು ನದಿಗಳನ್ನು ಗಡಿ ಮಾಡಿಕೊಂಡದ್ದು ನೇಪಾಳದವರು ಇಷ್ಟಪಟ್ಟು ಅಲ್ಲ. 1814ರಿಂದ 1816ರವರೆಗೆ ಈಸ್ಟ್ ಇಂಡಿಯಾ ಕಂಪನಿಯ ಜೊತೆ ಯುದ್ಧ ಮಾಡಿ ಸೋತಾಗ, ಕಂಪನಿ ಮುಂದಿಟ್ಟ ಒಪ್ಪಂದದಲ್ಲಿ ಇವು ಬಂದವು. ಆ ಒಪ್ಪಂದ ರಾಜ್ಯದ ಸುಮಾರು ಮೂರನೇ ಒಂದು ಭಾಗವನ್ನು ಕತ್ತರಿಸಿತು. ಇವತ್ತು ದೇಶದ ಒಗ್ಗಟ್ಟನ್ನು ಸಾರಲು ಬಳಸುವ ಮಾತು ಅದೇ ಕಾಗದದಿಂದ ಬಂದಿದೆ ಅನ್ನುವುದು ಈ ಪ್ರಕರಣದ ವಿಚಿತ್ರ.

ಗೆರೆ ಇಲ್ಲದ ಗಡಿ

ಗೋರ್ಖಾ ಅನ್ನುವುದು ಕಠ್ಮಂಡುವಿನ ಪಶ್ಚಿಮಕ್ಕಿದ್ದ ಒಂದು ಸಣ್ಣ ಬೆಟ್ಟದ ರಾಜ್ಯ. ಅಲ್ಲಿನ ಪೃಥ್ವಿನಾರಾಯಣ ಶಾ 1768–69ರಲ್ಲಿ ಕಠ್ಮಂಡು ಕಣಿವೆಯನ್ನು ಗೆದ್ದ. ತನ್ನ ರಾಜ್ಯ ಎರಡು ಬಂಡೆಗಳ ನಡುವೆ ಸಿಕ್ಕ ಗೆಣಸು ಅಂತ ಅವನು ಹೇಳಿದ್ದು ಇವತ್ತಿಗೂ ಅಲ್ಲಿ ಎಲ್ಲರ ಬಾಯಲ್ಲಿದೆ. ಒಂದು ಬಂಡೆ ಚೀನಾ, ಇನ್ನೊಂದು ಹಿಂದೂಸ್ತಾನದ ದೊರೆ. ಅವನ ನಂತರ ಬಂದವರು ಮಾತ್ರ ಗೆಣಸಿನ ಹಾಗೆ ಸುಮ್ನೆ ಕೂರಲಿಲ್ಲ. ಪೂರ್ವದಲ್ಲಿ ಸಿಕ್ಕಿಂನೊಳಗೆ ತೀಸ್ತಾ ನದಿಯವರೆಗೆ ಹೋದರು. ಪಶ್ಚಿಮದಲ್ಲಿ 1790ರಲ್ಲಿ ಕುಮಾವೂಂ, 1804ರಲ್ಲಿ ಗಢವಾಲ್ ಕೈಗೆ ಬಂತು. ಗೋರ್ಖಾ ಸೇನಾಪತಿ ಅಮರಸಿಂಹ ಥಾಪಾ ಸಟ್ಲೆಜ್ ದಾಟಿ ಕಾಂಗ್ಡಾ ಕೋಟೆಗೆ ಮುತ್ತಿಗೆ ಹಾಕಿದ. 1809ರಲ್ಲಿ ರಣಜಿತ್ ಸಿಂಗ್ ಅಲ್ಲಿಂದ ಹಿಂದಕ್ಕೆ ಅಟ್ಟಿದ ಮೇಲೆಯೇ ಓಟ ನಿಂತದ್ದು.

ದಕ್ಷಿಣದ ಬಯಲಿನಲ್ಲಿ, ಅಂದರೆ ತರಾಯಿಯಲ್ಲಿ, ಕಥೆ ಬೇರೆ. ಬೆಟ್ಟದ ರಾಜರಿಗೆ ಬತ್ತ, ಮರ, ಆನೆ ಎಲ್ಲ ಸಿಗುತ್ತಿದ್ದದ್ದು ಈ ಬಯಲಿನಿಂದಲೇ. ಆದರೆ ಅಲ್ಲಿ ಗಡಿ ಅನ್ನುವ ಗೆರೆಯೇ ಇರಲಿಲ್ಲ. ಯಾವ ಹಳ್ಳಿ ಯಾರಿಗೆ ಕಂದಾಯ ಕಟ್ಟುತ್ತದೆ ಅನ್ನುವುದೇ ಗಡಿ. ಒಬ್ಬ ರಾಜ ಬೆಟ್ಟದಲ್ಲಿ ಸ್ವತಂತ್ರನಾಗಿದ್ದು, ಬಯಲಿನ ಹಳ್ಳಿಗಳಿಗೆ ಮಾತ್ರ ಇನ್ನೊಬ್ಬ ದೊರೆಗೆ ಕಂದಾಯ ಕಟ್ಟಬಹುದಿತ್ತು.

ಬುಟವಲ್ ಇಂಥದ್ದೇ ಜಾಗ. ಅದು ಪಾಲ್ಪಾ ರಾಜನದ್ದು. ಬಯಲಿನ ಭಾಗಕ್ಕೆ ಅವನು ಅವಧ್ ನವಾಬನಿಗೆ ಕಂದಾಯ ಕೊಡುತ್ತಿದ್ದ. 1801ರಲ್ಲಿ ನವಾಬ ಗೋರಖ್‌ಪುರವನ್ನು ಕಂಪನಿಗೆ ಬಿಟ್ಟುಕೊಟ್ಟ. ಅದಾದ ಕೆಲವೇ ವರ್ಷಗಳಲ್ಲಿ ಪಾಲ್ಪಾವನ್ನು ಕಠ್ಮಂಡು ನುಂಗಿತು. ಈಗ ಬುಟವಲ್ ಯಾರದ್ದು? ಪಾಲ್ಪಾ ನಮ್ಮದಾದ ಮೇಲೆ ಅದರ ಹಳ್ಳಿಗಳೂ ನಮ್ಮವು, ಬೇಕಿದ್ದರೆ ಹಳೇ ಕಂದಾಯ ಕೊಡುತ್ತೇವೆ ಅಂದಿತು ಕಠ್ಮಂಡು. ನವಾಬನ ಜಾಗಕ್ಕೆ ನಾವು ಬಂದಿದ್ದೇವೆ, ಆದ್ದರಿಂದ ನೆಲವೇ ನಮ್ಮದು ಅಂದಿತು ಕಂಪನಿ. ಇಬ್ಬರ ವಾದಕ್ಕೂ ಅವರವರ ಲೆಕ್ಕದಲ್ಲಿ ಆಧಾರವಿತ್ತು. ಕಂದಾಯದ ಪುಸ್ತಕ ನೋಡಿ ಒಬ್ಬರು ಮಾತಾಡಿದರೆ, ನಕ್ಷೆ ಹಿಡಿದು ಇನ್ನೊಬ್ಬರು ಮಾತಾಡುತ್ತಿದ್ದರು.

ಜಂಟಿ ವಿಚಾರಣೆ ನಡೆಯಿತು, ಫಲ ಕೊಡಲಿಲ್ಲ. 1813ರಲ್ಲಿ ಗವರ್ನರ್ ಜನರಲ್ ಆಗಿ ಬಂದ ಮೊಯಿರಾಗೆ ತಾಳ್ಮೆ ಕಡಿಮೆ. ಟಿಬೆಟ್ಟಿನ ಶಾಲು ಉಣ್ಣೆಯ ವ್ಯಾಪಾರದ ಮೇಲೂ ಕಣ್ಣಿತ್ತು. 25 ದಿನದಲ್ಲಿ ಜಾಗ ಬಿಡಿ ಅಂತ ಗಡುವು ಕೊಟ್ಟು, ಗಡುವು ಮುಗಿದಾಗ ಕಂಪನಿಯ ಪೊಲೀಸರು ಅಲ್ಲಿಗೆ ಬಂದು ಠಾಣೆ ಹಾಕಿದರು. 1814ರ ಮೇ ತಿಂಗಳ ಕೊನೆಗೆ ಗೋರ್ಖಾ ಪಡೆ ಬುಟವಲ್‌ನ ಠಾಣೆಗಳ ಮೇಲೆ ಬಿದ್ದು ಪೊಲೀಸರನ್ನು ಕೊಂದಿತು. ಮೊಯಿರಾಗೆ ಬೇಕಿದ್ದ ನೆಪ ಸಿಕ್ಕಿತು.

ಕಠ್ಮಂಡುವಿನಲ್ಲಿ ಆಗ ಅಧಿಕಾರ ಇದ್ದದ್ದು ಮುಖ್ತಿಯಾರ್, ಅಂದರೆ ಪ್ರಧಾನಿಯಂತಿದ್ದ ಭೀಮಸೇನ ಥಾಪಾನ ಕೈಯಲ್ಲಿ. ರಾಜಸ್ಥಾನದ ಭರತಪುರದ ಕೋಟೆ ಮನುಷ್ಯರು ಕಟ್ಟಿದ್ದು, ಅದನ್ನೇ ಇಂಗ್ಲಿಷರಿಗೆ ಗೆಲ್ಲಲು ಆಗಲಿಲ್ಲ. ನಮ್ಮ ಬೆಟ್ಟಗಳನ್ನು ದೇವರೇ ಕಟ್ಟಿದ್ದಾನೆ ಅನ್ನುವುದು ಅವನ ಕಡೆಯವರ ಧೈರ್ಯ. ಯುದ್ಧ ಬೇಡ ಅಂತ ಹೇಳಿದವನು ಅಮರಸಿಂಹ ಥಾಪಾ. ಇಷ್ಟು ದಿನ ಜಿಂಕೆ ಬೇಟೆ ಆಡಿದೆವು, ಇನ್ನು ಹುಲಿಯ ಜೊತೆ ಹೋರಾಡಬೇಕಾಗುತ್ತದೆ ಅಂತ ಅವನು ಎಚ್ಚರಿಸಿದ. ಯುದ್ಧ ಬೇಡ ಅಂದ ಅದೇ ಮುದುಕನ ಹೆಗಲಿಗೆ ಪಶ್ಚಿಮದ ಯುದ್ಧ ಪೂರ್ತಿ ಬಿತ್ತು.

ನಾಲಾಪಾನಿಯ ಒಂದು ತಿಂಗಳು

ಕಂಪನಿ ನಾಲ್ಕು ದಿಕ್ಕಿನಿಂದ ಸೈನ್ಯ ಕಳಿಸಿತು. ಮೊದಲ ಏಟಿಗೇ ಅದರ ಮುಖಕ್ಕೆ ಮಂಗಳಾರತಿ ಆಯಿತು. ಡೆಹ್ರಾಡೂನ್ ಹತ್ತಿರದ ನಾಲಾಪಾನಿ ಬೆಟ್ಟದ ಮೇಲೆ ಖಲಂಗಾ ಅನ್ನುವ ಸಣ್ಣ ಕೋಟೆ. ಗೋಡೆಯ ಕೆಲಸವೇ ಪೂರ್ತಿ ಮುಗಿದಿರಲಿಲ್ಲ. ಒಳಗೆ ಗೋರ್ಖಾ ನಾಯಕ ಬಲಭದ್ರ ಕುಂವರ್ ಮತ್ತು ಹೆಂಗಸರು ಮಕ್ಕಳೂ ಸೇರಿ ಸುಮಾರು 600 ಜನ. ಹೊರಗೆ ಮೇಜರ್ ಜನರಲ್ ರಾಲೋ ಗಿಲೆಸ್ಪಿಯ 3,500ರಷ್ಟು ಸೈನ್ಯ.

ಈ ಗಿಲೆಸ್ಪಿ ನಮಗೆ ತೀರಾ ಅಪರಿಚಿತನಲ್ಲ. ಟಿಪ್ಪುವಿನ ಮಕ್ಕಳನ್ನು ಇಟ್ಟಿದ್ದ ವೆಲ್ಲೂರು ಕೋಟೆಯಲ್ಲಿ 1806ರಲ್ಲಿ ಸಿಪಾಯಿಗಳು ದಂಗೆ ಎದ್ದಾಗ, ಆರ್ಕಾಟಿನಿಂದ ಕುದುರೆ ಪಡೆ ತಂದು ಅದನ್ನು ರಕ್ತದಲ್ಲಿ ಮುಳುಗಿಸಿದವನು ಇವನೇ. ಆಮೇಲೆ ಜಾವಾದಲ್ಲೂ ಗೆದ್ದಿದ್ದ. ಈ ಗುಡ್ಡದ ಕೋಟೆಯನ್ನು ಒಂದು ಬೆಳಿಗ್ಗೆಯಲ್ಲಿ ಮುಗಿಸುತ್ತೇನೆ ಅಂದುಕೊಂಡು 1814ರ ಅಕ್ಟೋಬರ್ 31ರಂದು ತಾನೇ ಮುಂದೆ ನಿಂತು ನುಗ್ಗಿದ. ಕೋಟೆಯ ಬಾಗಿಲ ಹತ್ತಿರ ಗುಂಡು ಬಿದ್ದು ಸತ್ತ. ಕಂಪನಿ ಅಧಿಕೃತವಾಗಿ ಯುದ್ಧ ಸಾರಿದ್ದು ನವೆಂಬರ್ 1ಕ್ಕೆ. ಅಂದರೆ ಯುದ್ಧ ಕಾಗದದ ಮೇಲೆ ಶುರುವಾಗುವ ಮೊದಲೇ ಒಬ್ಬ ಜನರಲ್ ಹೋಗಿಯಾಗಿತ್ತು!

ಇನ್ನೊಂದು ದಾಳಿಯೂ ವಿಫಲವಾಯಿತು. ಒಳಗಿನ ಹೆಂಗಸರು ಮೇಲಿನಿಂದ ಕಲ್ಲು ಎಸೆಯುತ್ತಿದ್ದರು ಅಂತ ಬ್ರಿಟಿಷರೇ ಬರೆದಿದ್ದಾರೆ. ಕೊನೆಗೆ ಕಂಪನಿ ಕಂಡುಕೊಂಡ ಉಪಾಯ ನೀರು ನಿಲ್ಲಿಸುವುದು. ಕೋಟೆಗೆ ನೀರು ಹೊರಗಿನ ಒರತೆಯಿಂದ ಬರಬೇಕಿತ್ತು. ಅದನ್ನು ಕಡಿದು, ಫಿರಂಗಿ ಹೊಡೆಯುತ್ತಾ ಕೂತರು. ನವೆಂಬರ್ 30ರಂದು ಬಲಭದ್ರ ಉಳಿದ ಸುಮಾರು 70 ಜನರೊಂದಿಗೆ ಮುತ್ತಿಗೆಯನ್ನು ಸೀಳಿಕೊಂಡು ಹೊರಟುಹೋದ. ಒಳಗೆ ಹೋದವರಿಗೆ ಕಂಡದ್ದು ಹೆಣಗಳು, ಗಾಯಾಳುಗಳು, ನೀರಿಗಾಗಿ ಬಾಯಿಬಿಡುತ್ತಿದ್ದ ಮಕ್ಕಳು. ಕಂಪನಿಯ ಕಡೆ ಸತ್ತವರು, ಗಾಯಗೊಂಡವರು ಸೇರಿ 700ಕ್ಕೂ ಜಾಸ್ತಿ. ಕೋಟೆಯಲ್ಲಿದ್ದವರ ಒಟ್ಟು ಸಂಖ್ಯೆಗಿಂತ ಹೆಚ್ಚು.

ಮುತ್ತಿಗೆಯ ನಡುವೆ ನಡೆದ ಒಂದು ಸಂಗತಿಯನ್ನು ಎರಡೂ ಕಡೆಯವರು ಇವತ್ತಿಗೂ ಹೇಳುತ್ತಾರೆ. ಗುಂಡಿನ ಮಳೆಯ ಮಧ್ಯೆ ಒಬ್ಬ ಗೋರ್ಖಾ ಸಿಪಾಯಿ ಕೈ ಬೀಸುತ್ತಾ ಕೋಟೆಯಿಂದ ಇಳಿದು ಬಂದ. ಅವನ ದವಡೆ ಒಡೆದಿತ್ತು. ಬ್ರಿಟಿಷ್ ವೈದ್ಯರು ಚಿಕಿತ್ಸೆ ಕೊಟ್ಟರು. ವಾಸಿಯಾದ ಮೇಲೆ ಅವನು ಕೇಳಿದ್ದು ತನ್ನ ಪಡೆಗೆ ವಾಪಸ್ ಹೋಗಿ ಮತ್ತೆ ಅವರ ಮೇಲೆಯೇ ಯುದ್ಧ ಮಾಡಲು ಅನುಮತಿ.

ಉಳಿದ ದಿಕ್ಕುಗಳಲ್ಲೂ ಕಂಪನಿಗೆ ಮೊದಲು ಅವಮಾನವೇ. ಮಕವಾನ್‌ಪುರದ ಕಡೆ ಹೋಗಬೇಕಿದ್ದ ಜನರಲ್ ಮಾರ್ಲಿ 1815ರ ಫೆಬ್ರವರಿಯ ಒಂದು ದಿನ ಬೆಳಗಾಗುವ ಮೊದಲೇ ಯಾರಿಗೂ ಹೇಳದೆ, ಅಧಿಕಾರ ಒಪ್ಪಿಸದೆ, ಸೈನ್ಯ ಬಿಟ್ಟು ಹೊರಟುಹೋದ. ಗೆಲುವು ತಂದದ್ದು ಪಶ್ಚಿಮದ ತುದಿಯಲ್ಲಿದ್ದ ಡೇವಿಡ್ ಆಕ್ಟರ್ಲೋನಿ. ಅವನು ಅವಸರ ಮಾಡಲಿಲ್ಲ. ದಾರಿ ಕಡಿದು, ಭಾರದ ಫಿರಂಗಿಗಳನ್ನು ಬೆಟ್ಟದ ಮೇಲಕ್ಕೆ ಎಳೆಸಿ, ಒಂದೊಂದೇ ಕೋಟೆಯನ್ನು ಒಂಟಿ ಮಾಡುತ್ತಾ ಬಂದ. 1815ರ ಏಪ್ರಿಲ್‌ನಲ್ಲಿ ದೇವಥಲ್‌ನಲ್ಲಿ 70 ದಾಟಿದ್ದ ಗೋರ್ಖಾ ಸರದಾರ ಭಕ್ತಿ ಥಾಪಾ ಫಿರಂಗಿಗಳಿಗೆ ಎದುರಾಗಿ ನುಗ್ಗಿ ಸತ್ತ. ಅವನ ದೇಹವನ್ನು ಬ್ರಿಟಿಷರು ಶಾಲು ಹೊದಿಸಿ ವಾಪಸ್ ಕಳಿಸಿದರು. ಅದೇ ತಿಂಗಳು ಕುಮಾವೂಂನ ಅಲ್ಮೋಡಾ ಗೋರ್ಖಾಗಳ ಕೈತಪ್ಪಿ ಹೋಯಿತು. ಮೇ 15ರಂದು ಮಲಾವೂಂ ಕೋಟೆಯಲ್ಲಿ ಅಮರಸಿಂಹ ಥಾಪಾ ಶರಣಾದ.

ಸುಗೌಲಿ

1815ರ ಡಿಸೆಂಬರ್ 2ರಂದು ಬಿಹಾರದ ಸುಗೌಲಿಯಲ್ಲಿ ಒಪ್ಪಂದಕ್ಕೆ ಸಹಿ ಬಿತ್ತು. ಕಠ್ಮಂಡು ಅದಕ್ಕೆ ಮೊಹರು ಹಾಕದೆ ಎಳೆಯಿತು. ಆಕ್ಟರ್ಲೋನಿ ಮತ್ತೆ ಹೊರಟ. ಕಾವಲಿಲ್ಲದ ಕಡಿದಾದ ಕಣಿವೆಯೊಂದರಿಂದ ರಾತ್ರಿ ನುಸುಳಿ ಮಕವಾನ್‌ಪುರ ಮುಟ್ಟಿ, ಫೆಬ್ರವರಿ 28ರಂದು ಗೆದ್ದ. 1816ರ ಮಾರ್ಚ್ 4ರಂದು ಒಪ್ಪಂದ ಅವನ ಕೈಗೆ ಬಂತು. ಅದರ ಐದನೇ ಕಲಮು ಹೇಳುವುದು ಇಷ್ಟು: ಕಾಳಿ ನದಿಯ ಪಶ್ಚಿಮದ ಸೀಮೆಗಳ ಮೇಲೆ ನೇಪಾಳದ ರಾಜ ಎಲ್ಲ ಹಕ್ಕು ಬಿಡುತ್ತಾನೆ, ಆ ನೆಲದ ಜೊತೆಗಾಗಲಿ ಜನರ ಜೊತೆಗಾಗಲಿ ಇನ್ನು ಯಾವ ವ್ಯವಹಾರವನ್ನೂ ಇಟ್ಟುಕೊಳ್ಳುವುದಿಲ್ಲ. ಪೂರ್ವದಲ್ಲಿ ಮೇಚಿಯಾಚೆಗಿನದ್ದು ಹೋಯಿತು. ತರಾಯಿಯ ಬಹುಭಾಗ ಹೋಯಿತು. ಕಠ್ಮಂಡುವಿಗೆ ಬ್ರಿಟಿಷ್ ರೆಸಿಡೆಂಟ್ ಬಂದು ಕೂತ.

ಕಂಪನಿಗೆ ಸಿಕ್ಕ ಬೆಟ್ಟಗಳ ಪಟ್ಟಿ ನೋಡಿದರೆ ನಮ್ಮ ಬೇಸಿಗೆ ಪ್ರವಾಸದ ಪಟ್ಟಿ ಓದಿದ ಹಾಗಿರುತ್ತದೆ. ಶಿಮ್ಲಾ, ಮಸ್ಸೂರಿ, ನೈನಿತಾಲ್, ರಾಣಿಖೇತ್ ಎಲ್ಲ ಈ ಯುದ್ಧದಿಂದ ಬ್ರಿಟಿಷರ ಕೈಗೆ ಬಂದ ನೆಲದಲ್ಲಿ ಎದ್ದ ಊರುಗಳು. ಗವರ್ನರ್ ಜನರಲ್ ಮೊಯಿರಾಗೆ ಮಾರ್ಕ್ವೆಸ್ ಪದವಿ ಬಂತು. ಖರ್ಚಿಗೆ ಅವಧ್ ನವಾಬನಿಂದ ಕೋಟಿಗಟ್ಟಲೆ ಸಾಲ ಎತ್ತಿದ್ದರು. ಅದರಲ್ಲಿ ಒಂದು ಕೋಟಿಗೆ ಬದಲಾಗಿ ನೇಪಾಳದಿಂದ ಕಿತ್ತುಕೊಂಡ ಪಶ್ಚಿಮ ತರಾಯಿಯನ್ನು ನವಾಬನಿಗೇ ಕೊಟ್ಟರು! 1857ರ ದಂಗೆಯಲ್ಲಿ ನೇಪಾಳದ ಪ್ರಧಾನಿ ಜಂಗ್ ಬಹಾದೂರ್ ರಾಣಾ ಲಖ್ನೋಗೆ ಸೈನ್ಯ ತಂದು ಬ್ರಿಟಿಷರಿಗೆ ನೆರವಾದ. ಅದಕ್ಕೆ ಉಡುಗೊರೆಯಾಗಿ 1860ರಲ್ಲಿ ಆ ನೆಲ ನೇಪಾಳಕ್ಕೆ ವಾಪಸ್ ಬಂತು. ಬಾಂಕೆ, ಬರ್ದಿಯಾ, ಕೈಲಾಲಿ, ಕಂಚನ್‌ಪುರ. ಅಲ್ಲಿ ಅದಕ್ಕೆ ‘ನಯಾ ಮುಲುಕ್’ (ಹೊಸ ನಾಡು) ಅಂತಲೇ ಹೆಸರು.

ಸೋತವರೇ ವೀರರಾದದ್ದು

ಗೆದ್ದವರು ಸೋತವರನ್ನು ಹೊಗಳುವುದು ಸುಮ್ನೆ ಔದಾರ್ಯಕ್ಕಲ್ಲ. ನಾಲಾಪಾನಿಯ ಕೆಳಗೆ ಬ್ರಿಟಿಷರು ಒಂದೇ ಥರದ ಎರಡು ಸಣ್ಣ ಬಿಳಿ ಕಂಬ ನಿಲ್ಲಿಸಿದರು. ಒಂದು ಗಿಲೆಸ್ಪಿಗೆ, ಇನ್ನೊಂದು ಬಲಭದ್ರ ಮತ್ತು ಅವನ ಗೋರ್ಖಾಗಳಿಗೆ. ಆದರೆ ಆ ಹೊತ್ತಿಗೆ ಕಂಪನಿ ಇನ್ನೊಂದು ಕೆಲಸವನ್ನೂ ಶುರು ಮಾಡಿತ್ತು. ಮಲಾವೂಂ ಶರಣಾಗತಿಯಲ್ಲೇ, ಅಮರಸಿಂಹನ ಪಡೆಯವರು ಬೇಕಿದ್ದರೆ ಕಂಪನಿಯ ನೌಕರಿಗೆ ಸೇರಬಹುದು ಅಂತ ಇತ್ತು. 1815ರಲ್ಲೇ ನಸಿರಿ, ಸಿರ್ಮೂರ್, ಕುಮಾವೂಂ ಪಡೆಗಳು ಎದ್ದವು. ಮೊದಲು ಸೇರಿದವರಲ್ಲಿ ಕುಮಾವೂಂ, ಗಢವಾಲ್‌ನವರೂ ಬಹಳ ಇದ್ದರು.

ಭಾರತ ಸೇನೆಯ ಒಂದನೇ ಗೋರ್ಖಾ ರೈಫಲ್ಸ್‌ನ ಪೂರ್ತಿ ಹೆಸರಿನಲ್ಲಿ ಇವತ್ತಿಗೂ ‘ಮಲಾವೂಂ ರೆಜಿಮೆಂಟ್’ ಅಂತ ಇದೆ. ಅದರ ಮೂಲ ಆ ನಸಿರಿ ಪಡೆ. ಅಂದರೆ ಗೋರ್ಖಾಗಳು ಸೋತು ಶರಣಾದ ಕೋಟೆಯ ಹೆಸರೇ ಗೋರ್ಖಾ ಪಡೆಯ ಬಿರುದು.

ಕಠ್ಮಂಡುವಿಗೆ ಈ ಭರ್ತಿ ಇಷ್ಟವಿರಲಿಲ್ಲ. ಸುಮಾರು 70 ವರ್ಷ ಕದ್ದುಮುಚ್ಚಿಯೇ ನಡೆಯಿತು. 1880ರ ದಶಕದ ಕೊನೆಗೆ ರಾಣಾ ಪ್ರಧಾನಿ ಬೀರ್ ಶಂಶೇರ್ ಬಾಗಿಲು ತೆರೆದ ಮೇಲೆ ಬೆಟ್ಟದ ಹಳ್ಳಿಗಳ ಬದುಕೇ ಅದರ ಸುತ್ತ ತಿರುಗಿತು. ಪರರ ಪಡೆ ಸೇರಿ ಸಂಬಳ, ಪಿಂಚಣಿ ತರುವವನನ್ನು ಅಲ್ಲಿ ‘ಲಾಹುರೆ’ ಅನ್ನುತ್ತಾರೆ. ಬಲಭದ್ರ ಕೂಡ ಕೊನೆಗೆ ಲಾಹೋರಿನ ರಣಜಿತ್ ಸಿಂಗನ ಸೈನ್ಯ ಸೇರಿ, 1823ರಲ್ಲಿ ನೌಶೇರಾದಲ್ಲಿ ಅಫ್ಘಾನರ ವಿರುದ್ಧ ಹೋರಾಡಿ ಸತ್ತ.

‘ವೀರ ಗೋರ್ಖಾಲಿ’ ಅನ್ನುವ ಚಿತ್ರ ಹೀಗೆ ಎರಡು ಕಡೆಯಿಂದ ಬೆಳೆಯಿತು. ಸೇನೆಗೆ ಜನ ಬೇಕಾಗಿ ಬ್ರಿಟಿಷರು ಅದನ್ನು ಬೆಳೆಸಿದರು. ಸೋಲನ್ನು ತಲೆ ಎತ್ತಿ ಹೇಳಿಕೊಳ್ಳುವ ದಾರಿ ಬೇಕಾಗಿ ನೇಪಾಳವೂ ಅದನ್ನು ಒಪ್ಪಿಕೊಂಡಿತು. ಅಮರಸಿಂಹ, ಬಲಭದ್ರ, ಭಕ್ತಿ, ಭೀಮಸೇನ, ನಾಲ್ವರೂ ಇವತ್ತು ಆ ದೇಶದ ‘ರಾಷ್ಟ್ರೀಯ ವಿಭೂತಿ’ಗಳು, ಅಂದರೆ ರಾಷ್ಟ್ರವೀರರು. (ಅದೇ ಪಟ್ಟಿಯಲ್ಲಿರುವ ಜಯಪೃಥ್ವಿ ಬಹಾದೂರ್ ಸಿಂಹ ನಮ್ಮ ಬೆಂಗಳೂರಿನಲ್ಲಿ ಬಾಳಿ, 1940ರಲ್ಲಿ ಇಲ್ಲೇ ತೀರಿಕೊಂಡವರು. ಅವರದ್ದು ಯುದ್ಧದ ದಾರಿಯಲ್ಲ, ಮಾನವತಾವಾದ.) ಗೆದ್ದ ಜಾಗಗಳನ್ನು ಕಳೆದುಕೊಂಡವರೇ ದೇಶದ ವೀರರು. ಭಾರತ ನೇಮಿಸುತ್ತಿದ್ದ ನೇಪಾಳಿ ಗೋರ್ಖಾಗಳ ಭರ್ತಿ ಮಾತ್ರ ಅಗ್ನಿಪಥ ಯೋಜನೆ ಬಂದ ಮೇಲೆ, 2022ರಿಂದ, ಕಠ್ಮಂಡುವಿನ ತಕರಾರಿನಿಂದ ನಿಂತುಹೋಗಿದೆ.

ಈ ವೀರಗಾಥೆಯನ್ನು ಕಾಳಿಯ ಆಚೆ ದಡದಲ್ಲಿ ಹೇಳಿದರೆ ಬೇರೆ ಉತ್ತರ ಬರುತ್ತದೆ. ಕುಮಾವೂಂ, ಗಢವಾಲ್‌ನಲ್ಲಿ ಗೋರ್ಖಾ ಆಳ್ವಿಕೆಯ ನೆನಪು ಕಹಿ. ಮಿತಿಮೀರಿದ ತೆರಿಗೆ, ಕಟ್ಟಲಾಗದವರನ್ನು ಹರಿದ್ವಾರದಲ್ಲಿ ಗುಲಾಮರಾಗಿ ಮಾರಿದ್ದು, ಇವೆಲ್ಲ ಅಲ್ಲಿನ ಜನರ ಬಾಯಲ್ಲಿ ಉಳಿದಿವೆ. ‘ಗ್ರೇಟರ್ ನೇಪಾಳ’ ಬೇಕು, ಸಟ್ಲೆಜ್‌ನಿಂದ ತೀಸ್ತಾವರೆಗೆ ನಮ್ಮದು ಅನ್ನುವವರು ಈ ಪುಟವನ್ನು ತಿರುವಿ ನೋಡುವುದೇ ಇಲ್ಲ.

ಬಯಲಿನವರು

ಸುಗೌಲಿಯಲ್ಲಿ ನೇಪಾಳದ ಸರದಾರರಿಗೆ ವರ್ಷಕ್ಕೆ 2 ಲಕ್ಷ ರೂಪಾಯಿ ಪಿಂಚಣಿ ಕೊಡುವುದಾಗಿ ಕಂಪನಿ ಒಪ್ಪಿತ್ತು. 1816ರ ಡಿಸೆಂಬರ್‌ನಲ್ಲಿ, ಪಿಂಚಣಿ ಬೇಡ, ನೆಲ ಕೊಡಿ ಅಂತ ಮಾತಾಯಿತು. ತರಾಯಿಯ ಪೂರ್ವ ಭಾಗ ವಾಪಸ್ ಬಂತು. ಆ ಒಡಂಬಡಿಕೆಯಲ್ಲಿ ಒಂದು ಷರತ್ತಿದೆ: ಯುದ್ಧದಲ್ಲಿ ಕಂಪನಿಯ ಪರ ಇದ್ದ ತರಾಯಿಯವರನ್ನು ಶಿಕ್ಷಿಸಬಾರದು. ಅಂಥವರು ಕಂಪನಿಯ ಸೀಮೆಗೆ ಹೋಗಲು ಬಯಸಿದರೆ ತಡೆಯಬಾರದು. ಆದರೆ ನೆಲ ಉಳುವವರಿಗೆ ಈ ಮಾತು ಅನ್ವಯಿಸುವುದಿಲ್ಲ! ಉಳುವವನು ಹೋದರೆ ಕಂದಾಯ ಕೊಡುವವರು ಯಾರು? ಗಡಿ ಆಚೀಚೆ ಆಗಬಹುದು, ರೈತ ಮಾತ್ರ ನೆಲದ ಜೊತೆಗೇ ಕೈ ಬದಲಾಯಿಸಬೇಕು.

ಮದೇಸಿಗಳ ಕಥೆ ಇಲ್ಲಿಗೆ ಬಂದು ಸೇರುತ್ತದೆ. ಮೈಥಿಲಿ, ಭೋಜ್‌ಪುರಿ, ಅವಧಿ ಮಾತಾಡುವ, ಗಡಿಯ ಎರಡೂ ಕಡೆ ನೆಂಟರಿರುವ ಜನ. ಬೆಟ್ಟದ ಭಾಷೆ, ಬೆಟ್ಟದ ವೇಷ, ಬೆಟ್ಟದ ಶೌರ್ಯವೇ ‘ನೇಪಾಳಿತನ’ ಅಂತ ದೇಶ ತೀರ್ಮಾನಿಸಿದಾಗ ಇವರು ಹೊರಗಿನವರಂತೆ ಕಾಣತೊಡಗಿದರು. ಪೌರತ್ವದ ಕಾಗದಕ್ಕೂ ಅಲೆದಾಟ. 2007ರಲ್ಲಿ, ಮತ್ತೆ 2015ರಲ್ಲಿ ಹೊಸ ಸಂವಿಧಾನ ಬಂದಾಗ, ತರಾಯಿ ಹೊತ್ತಿ ಉರಿಯಿತು. ನನ್ನ ಪ್ರಕಾರ 1816ರ ಪರಿಣಾಮಗಳಲ್ಲಿ ಅತಿ ಕಡಿಮೆ ಚರ್ಚೆಯಾದದ್ದು ಇದು. ಕಳೆದುಹೋದ ನೆಲದ ಬಗ್ಗೆ ಹಾಡುವವರು, ವಾಪಸ್ ಬಂದ ನೆಲದ ಜನರನ್ನು ವಿಚಾರಿಸಿಕೊಳ್ಳಲಿಲ್ಲ.

ಕಾಳಿ ಹುಟ್ಟುವುದು ಎಲ್ಲಿ?

ಒಪ್ಪಂದ ಕಾಳಿ ಅಂದಿತು. ಕಾಳಿ ಎಲ್ಲಿ ಹುಟ್ಟುತ್ತದೆ ಅಂತ ಹೇಳಲಿಲ್ಲ. ಮೇಲೆ ಹೋದಂತೆ ಅದು ಕವಲಾಗುತ್ತದೆ. ವಾಯವ್ಯದ ಲಿಂಪಿಯಾಧುರಾದಿಂದ ಬರುವ ಕುಠಿ ಯಾಂಕ್ತಿಯೇ ದೊಡ್ಡ ಕವಲು, ಅದೇ ಕಾಳಿ ಅನ್ನುತ್ತದೆ ನೇಪಾಳ. ಲಿಪುಲೇಖ್ ಕಣಿವೆದಾರಿಯ ಕೆಳಗಿನ ಕಾಲಾಪಾನಿ ಒರತೆಗಳಿಂದ ನದಿ ಶುರು ಅನ್ನುತ್ತದೆ ಭಾರತ. 1817ರಲ್ಲೇ ಈ ಜಗಳ ಬಂದಿತ್ತು. ಪೂರ್ವದ ತಿಂಕರ್, ಛಾಂಗ್ರು ಹಳ್ಳಿಗಳನ್ನು ಬ್ರಿಟಿಷರು ನೇಪಾಳಕ್ಕೆ ಬಿಟ್ಟರು, ಕುಠಿ, ನಾಭಿಯನ್ನು ಬಿಡಲಿಲ್ಲ. 1827ರ ಬ್ರಿಟಿಷ್ ನಕ್ಷೆ ನೇಪಾಳದ ವಾದಕ್ಕೆ ಅನುಕೂಲ, 1879ರದ್ದು ಭಾರತದ ವಾದಕ್ಕೆ. 1962ರ ಚೀನಾ ಯುದ್ಧದ ಕಾಲದಿಂದ ಕಾಲಾಪಾನಿಯಲ್ಲಿ ಭಾರತದ ಪಡೆ ಇದೆ.

2020ರ ಮೇ 8ರಂದು ಕೈಲಾಸ ಮಾನಸ ಸರೋವರ ಯಾತ್ರೆಗೆಂದು ಲಿಪುಲೇಖ್ ಕಡೆಯ ರಸ್ತೆಯನ್ನು ಭಾರತ ಉದ್ಘಾಟಿಸಿತು. ಹದಿನೈದು ದಿನದೊಳಗೆ ನೇಪಾಳ ಹೊಸ ನಕ್ಷೆ ಹೊರಡಿಸಿತು. ಜೂನ್ 18ಕ್ಕೆ ಸಂವಿಧಾನ ತಿದ್ದಿ, ರಾಷ್ಟ್ರ ಲಾಂಛನದಲ್ಲಿರುವ ನಕ್ಷೆಯನ್ನೂ ಬದಲಿಸಿತು. ವಾಯವ್ಯದ ಮೂಲೆಯಲ್ಲಿ ಒಂದು ಚೂಪು ಮೂಗು ಬಂತು. ದೇಶದ ವಿಸ್ತೀರ್ಣ 1,47,181ರಿಂದ 1,47,516 ಚದರ ಕಿಲೋಮೀಟರ್ ಆಯಿತು. ಒಂದಕ್ಕೊಂದು ಮುಖ ಕೊಡದ ಪಕ್ಷಗಳೆಲ್ಲ ಒಟ್ಟಿಗೆ ಕೈ ಎತ್ತಿದವು.

ಇಲ್ಲೊಂದು ಗಂಟಿದೆ. 1950ರ ಭಾರತ–ನೇಪಾಳ ಒಪ್ಪಂದ ಬ್ರಿಟಿಷರ ಕಾಲದ ಹಳೇ ಒಪ್ಪಂದಗಳನ್ನೆಲ್ಲ ರದ್ದು ಮಾಡಿತು, ಹಾಗಾಗಿ ಸುಗೌಲಿಯೂ ರದ್ದು, ಕಳೆದ ನೆಲ ವಾಪಸ್ ಕೊಡಿ ಅನ್ನುವುದು ಗ್ರೇಟರ್ ನೇಪಾಳದವರ ವಾದ. ಲಿಂಪಿಯಾಧುರಾದ ಮೇಲೆ ಕಠ್ಮಂಡು ಸರ್ಕಾರದ ಹಕ್ಕು ನಿಂತಿರುವುದು ಅದೇ ಸುಗೌಲಿಯ ಐದನೇ ಕಲಮಿನ ಮೇಲೆ. ಒಪ್ಪಂದ ಸತ್ತಿದ್ದರೆ ಕಾಳಿ ಗಡಿಯೇ ಅಲ್ಲ. ಬದುಕಿದ್ದರೆ ಸಟ್ಲೆಜ್ ಕನಸು ಮುಗಿಯಿತು. ಎರಡನ್ನೂ ಒಟ್ಟಿಗೆ ಹಿಡಿಯಲು ಆಗುವುದಿಲ್ಲ, ಅಲ್ವಾ? ಆದರೂ ಒಂದೇ ಮೆರವಣಿಗೆಯಲ್ಲಿ ಎರಡು ಘೋಷಣೆಗಳೂ ಕೇಳುತ್ತವೆ. ನೇಪಾಳ ಸರ್ಕಾರ ಮಾತ್ರ ಆಯ್ಕೆ ಮಾಡಿಕೊಂಡಿದೆ. ಅದಕ್ಕೆ ಸುಗೌಲಿ ಬೇಕು, ಅಕ್ಷರಕ್ಕೆ ಅಕ್ಷರ ಬೇಕು.

2024ರಲ್ಲಿ ಅದು ಹೊಸ ನಕ್ಷೆಯನ್ನು 100 ರೂಪಾಯಿ ನೋಟಿನ ಮೇಲೆ ಅಚ್ಚು ಹಾಕಿಸಲು ತೀರ್ಮಾನಿಸಿತು. 2025ರ ಆಗಸ್ಟ್‌ನಲ್ಲಿ ಭಾರತ ಮತ್ತು ಚೀನಾ ಲಿಪುಲೇಖ್ ಮೂಲಕ ಗಡಿ ವ್ಯಾಪಾರವನ್ನು ಮತ್ತೆ ಶುರು ಮಾಡಲು ಒಪ್ಪಿದಾಗ, ಕಠ್ಮಂಡು ಕೂಡಲೇ ಆಕ್ಷೇಪ ಎತ್ತಿತು. ಮಹಾಕಾಳಿಯ ಪೂರ್ವಕ್ಕಿರುವ ಲಿಂಪಿಯಾಧುರಾ, ಲಿಪುಲೇಖ್, ಕಾಲಾಪಾನಿ ನಮ್ಮವು ಅಂತ. ಈ ವಾದಕ್ಕೆ ಐತಿಹಾಸಿಕ ಆಧಾರವಿಲ್ಲ ಅಂತ ದೆಹಲಿ ಉತ್ತರ ಕೊಟ್ಟಿತು.